ಕದಿರಪ್ಪನ ಆಯಾಸ

ಚಾಂಪಿಯನ್ ರೀಫ್ಸ್
೬ ಫೆಬ್ರವರಿ ೧೯೬೧

ಗಣಿ ಧೂಳು ಸಮೀಕ್ಷೆಯ ಆಫೀಸಿನ ಕನಕಮ್ಮನವರಿಗೆ,

ಬರೆಯುತ್ತಿರುವವಳು ಮುನಿರತ್ನಮ್ಮ. ನನ್ನ ಯಜಮಾನರ ಹೆಸರು ಕದಿರಪ್ಪ. ಹದಿನೇಳು ವರ್ಷದಿಂದ ಇಲ್ಲಿನ ಚಿನ್ನದ ಗಣಿಯೊಳಗೆ ಬಂಡೆ ಕೊರೆಯುವ ಕೆಲಸದಲ್ಲಿದ್ದಾರೆ. ಹೋದ ನವೆಂಬರಿನಲ್ಲಿ ನಿಮ್ಮ ಆಫೀಸಿನವರು ಇಲ್ಲಿನ ಶಾಲೆಯಲ್ಲಿ ಮೇಜು ಹಾಕಿಕೊಂಡು ಕೂತು, ಒಬ್ಬೊಬ್ಬರನ್ನೇ ಕರೆದು ಕೇಳಿ, ಕಾರ್ಡಿನಲ್ಲಿ ಬರೆದುಕೊಂಡು ಹೋದಿರಿ. ಎರಡನೇ ಮೇಜಿನಲ್ಲಿ ಕೂತಿದ್ದವರು ನೀವೇ. ನಾನು ಅವರ ಜೊತೆಗೆ ಬಂದಿದ್ದೆ.

ಉಸಿರಿನ ತೊಂದರೆ ಇರುವವರನ್ನು ಎದೆ ಫೋಟೋ ತೆಗೆಸಲು ಕರೆಯುತ್ತೇವೆ, ಎದೆಯಲ್ಲಿ ಧೂಳು ಹಿಡಿದಿದೆ ಎಂದು ವೈದ್ಯ ಮಂಡಳಿ ಹೇಳಿದರೆ ಅಂಥವರನ್ನು ಮತ್ತೆ ಒಳಗೆ ಇಳಿಸುವಂತಿಲ್ಲ, ಮೇಲೆ ಕೆಲಸ ಕೊಡಬೇಕು ಎಂದು ಅವತ್ತು ನಿಮ್ಮ ಡಾಕ್ಟರು ಎಲ್ಲರೆದುರಿಗೆ ಹೇಳಿದರು. ಜನವರಿಯಲ್ಲಿ ಫೋಟೋ ಪಟ್ಟಿ ಬಂತು. ಯಜಮಾನರ ಜೊತೆಗೇ ಕೊರೆಯುವ ಕುಪ್ಪುಸ್ವಾಮಿಯವರ ಹೆಸರು ಅದರಲ್ಲಿದೆ. ಯಜಮಾನರ ಹೆಸರಿಲ್ಲ. ಕುಪ್ಪುಸ್ವಾಮಿಯವರು ಇವರಿಗಿಂತ ಗಟ್ಟಿಯಾಗಿದ್ದಾರೆ. ಗಣಿಯ ಹಾಜರಿ ಬರೆಯುವ ಟೈಂ ಆಫೀಸಿನಲ್ಲಿ ವಿಚಾರಿಸಿದ್ದಕ್ಕೆ "ಪಟ್ಟಿಯಲ್ಲಿಲ್ಲ ಅಂದರೆ ನಿನ್ನ ಗಂಡ ಚೆನ್ನಾಗಿದ್ದಾನೆ ಅಂತ, ಸಂತೋಷಪಡು" ಅಂದರು.

ಹೆಸರು ಯಾಕೆ ಬಿಟ್ಟುಹೋಯಿತು ಎಂದು ನೋಡಿ ತಿಳಿಸಬೇಕು.

ಇಂತು,
ಮುನಿರತ್ನಮ್ಮ


ಬೆಂಗಳೂರು
೨೧ ಫೆಬ್ರವರಿ ೧೯೬೧

ಶ್ರೀಮತಿ ಮುನಿರತ್ನಮ್ಮನವರಿಗೆ,

ನಿಮ್ಮ ಪತ್ರ ತಲುಪಿತು. ಶ್ರೀ ಕದಿರಪ್ಪನವರ ಕಾರ್ಡನ್ನು ತೆಗೆದು ನೋಡಲಾಯಿತು. ಅದರಲ್ಲಿರುವುದು ಹೀಗೆ:

ಶ್ವಾಸಕಷ್ಟ: ಇಲ್ಲ. ಕೆಮ್ಮು: ಕೆಲವೊಮ್ಮೆ. ಇತರೆ: ದಣಿವು.

ಶ್ವಾಸಕಷ್ಟ ಇದೆಯೆಂದು ಹೇಳಿದವರನ್ನು ಮಾತ್ರ ಎಕ್ಸ್‌ರೇಗೆ ಕರೆಯಬೇಕೆಂದು ನಿಯಮವಿರುವುದರಿಂದ ಅವರ ಹೆಸರು ಪಟ್ಟಿಗೆ ಸೇರಿಲ್ಲ. ದಣಿವಿಗೆ ವಿಶ್ರಾಂತಿಯೂ ಒಳ್ಳೆಯ ಆಹಾರವೂ ಸಾಕಾಗಬಹುದು.

ತಮ್ಮ ವಿಶ್ವಾಸಿ,
ಬಿ. ಕನಕಮ್ಮ
ದಾಖಲೆ ಗುಮಾಸ್ತೆ (ತಾತ್ಕಾಲಿಕ)


ಚಾಂಪಿಯನ್ ರೀಫ್ಸ್
೨೭ ಫೆಬ್ರವರಿ ೧೯೬೧

ಕನಕಮ್ಮನವರಿಗೆ,

ಕಾಗದವನ್ನು ಯಜಮಾನರಿಗೆ ಓದಿ ಹೇಳಿದೆ. "ದಣಿವು ಅಂತ ನಾನ್ಯಾವಾಗ ಅಂದೆ? ಆಯಾಸ ಬತ್ತದೆ ಅಂದೆ" ಅಂದರು. ನನ್ನ ಕಿವಿಯಲ್ಲೂ ಅದೇ ಮಾತಿದೆ. ನೀವು ಶ್ವಾಸಕಷ್ಟ ಉಂಟೋ ಎಂದು ಕೇಳಿದಿರಿ. ಆ ಮಾತು ಅವರಿಗೆ ಗೊತ್ತಿಲ್ಲ. ಯಾವುದೋ ದೊಡ್ಡ ಕಾಯಿಲೆಯ ಹೆಸರು ಅಂದುಕೊಂಡು "ಅದೆಲ್ಲ ಇಲ್ಲ ಕಣಮ್ಮಾ, ಆಯಾಸ ಒಂದೇ" ಅಂದರು. ನೀವು ಬರೆದುಕೊಂಡಿರಿ.

ಕುಪ್ಪುಸ್ವಾಮಿಯವರು ಒಂದನೇ ಮೇಜಿಗೆ ಹೋಗಿ ತಮಿಳಿನಲ್ಲಿ ಉಸಿರಿಗೆ ಹೇಳುವ ಹಾಗೆ ಮೂಚ್ಚು ಅಂದರಂತೆ. ಅಲ್ಲಿದ್ದವರು ಮೂಗನ್ನೂ ಎದೆಯನ್ನೂ ತೋರಿಸಿ ಇನ್ನೊಂದು ಸಲ ಕೇಳಿಕೊಂಡರಂತೆ. ಈಗ ಅವರು ದಿನಾ ಇವರನ್ನು ಗೇಲಿ ಮಾಡುತ್ತಾರೆ: "ಏನ್ ಕದಿರಣ್ಣಾ, ಸರ್ಕಾರದವರೇ ನಿನ್ನನ್ನ ಮಲಗಿ ಎದ್ದೇಳು ಅಂದವ್ರಂತೆ. ಮೇಸ್ತ್ರಿಗೆ ಕಾಗದ ತೋರ್ಸಿ ಮಲಕ್ಕೋ ಓಗು."

ಇನ್ನೊಂದು ಮಾತು ಇದೆ. ಬರೆಯುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಬಂಗಾರಪೇಟೆಯಲ್ಲಿ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅಮ್ಮಾಜಮ್ಮ ಅಂತ ಒಬ್ಬರಿದ್ದರು. ನಿಮ್ಮ ಅಜ್ಜಿ. ನಾವಿಬ್ಬರೂ ಶಾಲೆಯಿಂದ ಬಂದರೆ ಅವರು ಗೋಡೆಗೆ ಒರಗಿ ಕೂತಿರುತ್ತಿದ್ದರು. "ಆಯಾಸ ಕಣ್ರಮ್ಮಾ, ಕಿಟಕಿ ತೆಗೀರಿ" ಅನ್ನುತ್ತಿದ್ದರು. ಕಿಟಕಿ ತೆಗೆಯುವುದು ನೀವು, ಬಿಸಿನೀರು ತರುವುದು ನಾನು. ದಣಿದವರು ಯಾರಾದರೂ ಕಿಟಕಿ ತೆಗೆಯಿರಿ ಅನ್ನುತ್ತಾರೆಯೇ? ನಮ್ಮ ಕಡೆ ಆಯಾಸ ಅಂದರೆ ಉಸಿರು ಸಿಕ್ಕದಿರುವುದು ಎಂದು ನಿಮಗೆ ಗೊತ್ತಿಲ್ಲವೇ?

ಮೈಸೂರು ಕಡೆಯಿಂದ ಬಂದವರಿಗೆ ಗೊತ್ತಾಗಲಿಲ್ಲ ಅಂದರೆ ನಾನು ಸುಮ್ಮನಾಗುತ್ತಿದ್ದೆ.

ಮುನಿರತ್ನಮ್ಮ


ಬೆಂಗಳೂರು
೯ ಏಪ್ರಿಲ್ ೧೯೬೧

ರತ್ನಾ,

ಆರು ವಾರ ಸುಮ್ಮನಿದ್ದೆ. ನೀನು ಬರೆದದ್ದು ನಿಜವಾದ್ದರಿಂದಲೇ ಸುಮ್ಮನಿದ್ದೆ.

ಅವತ್ತು ನಿನ್ನ ಗುರುತು ಹತ್ತಿತ್ತು. ಬಾಗಿಲ ಹತ್ತಿರ ನಿಂತಿದ್ದಾಗಲೇ ಹತ್ತಿತ್ತು. ಪಕ್ಕದಲ್ಲಿ ನಮ್ಮ ಮೇಲ್ವಿಚಾರಕರು ಇದ್ದರು. ನಾನು ಬೆಂಗಳೂರಿನವಳು ಎಂದೇ ಅವರು ತಿಳಿದುಕೊಂಡಿದ್ದಾರೆ. ಹಾಗೆ ತಿಳಿದುಕೊಳ್ಳಲು ನಾನು ಬಿಟ್ಟಿದ್ದೇನೆ. ಬೆಳಗಿನಿಂದ ಅವರು "ಈ ಕಡೆಯ ಜನ ಆಡುವುದು ಕನ್ನಡವೂ ಅಲ್ಲ, ತೆಲುಗೂ ಅಲ್ಲ" ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೆ. ಆ ಮೇಲೆ ನೀನು ಬಂದೆ. ನಿನ್ನನ್ನು "ಪಕ್ಕಕ್ಕೆ ನಿಲ್ಲಿ" ಅಂದೆ. ಒಂದೇ ಬೆಂಚಿನಲ್ಲಿ ಏಳು ವರ್ಷ ಕೂತವಳನ್ನು ನೀವು ಅಂದೆ.

ಇನ್ನು ಆ ಮಾತಿನ ವಿಷಯ. ಬೆಂಗಳೂರಿನ ಹೈಸ್ಕೂಲಿಗೆ ಸೇರಿದ ವರ್ಷವೇ ಅಜ್ಜಿಗೆ ಜಾಸ್ತಿಯಾಯಿತು. ಊರಿಗೆ ಹೋಗಲು ರಜೆ ಕೇಳುತ್ತಾ "ಅಜ್ಜಿಗೆ ಆಯಾಸ" ಅಂದೆ. ಮೇಡಂ "ಆಯಾಸವಾದರೆ ಮಲಗಲಿ, ಅದಕ್ಕೆ ನೀನು ಯಾಕೆ?" ಅಂದರು. ಕ್ಲಾಸೆಲ್ಲ ನಕ್ಕಿತು. ರಜೆ ಸಿಕ್ಕಲಿಲ್ಲ. ಶನಿವಾರ ಹೊರಟು ಹೋಗುವಷ್ಟರಲ್ಲಿ ಮುಗಿದಿತ್ತು. ಆಯಾಸ ಅಂದರೆ ದಣಿವು ಎಂದು ಅವತ್ತಿನಿಂದ ನನಗೆ ನಾನೇ ಕಲಿಸಿಕೊಂಡೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ ಕದಿರಪ್ಪನವರು ಆ ಮಾತಾಡಿದಾಗ ನನ್ನ ಕೈ ಒಂದು ಗಳಿಗೆಯೂ ತಡೆಯಲಿಲ್ಲ. ಇದು ಸಮಜಾಯಿಷಿ ಅಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದೇನೆ.

ಹೋದ ವಾರ ಊಟದ ಬಿಡುವಿನಲ್ಲಿ ನಾನು ಬರೆದ ಕಾರ್ಡುಗಳನ್ನೆಲ್ಲ ತೆಗೆದು ನೋಡಿದೆ. ನಾಲ್ಕುನೂರ ಹನ್ನೆರಡು. ಅವುಗಳಲ್ಲಿ ಅರವತ್ತೊಂದು ಕಾರ್ಡುಗಳಲ್ಲಿ ಶ್ವಾಸಕಷ್ಟ ಇಲ್ಲ, ಇತರೆ ದಣಿವು ಎಂದಿದೆ. ಎಲ್ಲವೂ ನನ್ನ ಅಕ್ಷರ. ಒಬ್ಬೊಬ್ಬರ ಮುಖ ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

ಇನ್ನೂ ಯಾರಿಗೂ ಹೇಳಿಲ್ಲ. ಜುಲೈಯಲ್ಲಿ ನನ್ನ ಕೆಲಸ ಕಾಯಂ ಆಗಬೇಕು. ಈ ವಿಭಾಗದಲ್ಲಿರುವ ಹೆಂಗಸು ನಾನೊಬ್ಬಳೇ. ನನ್ನನ್ನು ತೆಗೆಯಲು ಅವರಿಗೆ ಇಷ್ಟು ದೊಡ್ಡ ಕಾರಣವೂ ಬೇಕಾಗಿಲ್ಲ.

ಕನಕ


ಚಾಂಪಿಯನ್ ರೀಫ್ಸ್
೧೬ ಏಪ್ರಿಲ್ ೧೯೬೧

ಕನಕಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅಜ್ಜಿ ಹೋದ ದಿನ ನಿನ್ನನ್ನು ಕಳಿಸಲಿಲ್ಲ ಎಂದು ನನಗೆ ತಿಳಿದಿರಲಿಲ್ಲ. ದೊಡ್ಡ ಶಾಲೆ ಸೇರಿದ ಮೇಲೆ ನೀನೇ ಬರಲಿಲ್ಲ ಎಂದು ಬೀದಿಯವರೆಲ್ಲ ಅಂದರು. ನಾನೂ ಅಂದೆ.

ನಿನ್ನ ಕೆಲಸ ಹೋಗಲಿ ಎಂದು ನನಗಿಲ್ಲ. ಆದರೆ ಇವರು ದಿನಾ ಇಳಿಯುತ್ತಿದ್ದಾರೆ. ಅದನ್ನು ಹೇಗೆ ಬರೆದರೆ ನಿನಗೆ ಕಾಣುತ್ತದೋ ನೋಡುತ್ತೇನೆ.

ಆಳುಗಳನ್ನು ಇಳಿಸಿ ಹತ್ತಿಸುವ ಕೇಜಿನಲ್ಲಿ ಮೇಲೆ ಬಂದು, ದೀಪ ಒಪ್ಪಿಸಿ ಹೊರಟರೆ ಮೊದಲೆಲ್ಲ ಸೀದಾ ಮನೆ. ಈಗ ದಾರಿಯಲ್ಲಿ ಮೂರು ಕಡೆ ನಿಲ್ಲುತ್ತಾರೆ. ಚಪ್ಪಲಿ ಹೊಲಿಯುವ ವೆಂಕಟೇಶಪ್ಪನ ಹತ್ತಿರ ನಿಂತು ಏನಾದರೂ ಮಾತಾಡುತ್ತಾರೆ. ಮೇಲಿನ ನಲ್ಲಿಯ ಹತ್ತಿರ ತಲೆಯ ಟವೆಲು ಬಿಚ್ಚಿ ಮತ್ತೆ ಕಟ್ಟುತ್ತಾರೆ. ನಮ್ಮ ಮನೆಗಳ ಲೈನು ಶುರುವಾಗುವಲ್ಲಿ ಮಾರಿಯಮ್ಮನ ಮನೆ ಮೇಕೆಯನ್ನು ನೋಡುತ್ತಾರೆ. ಯಾವಾಗ ನೋಡಿದರೂ ನಿಲ್ಲುವುದಕ್ಕೆ ಒಂದು ಕಾರಣ ಇಟ್ಟುಕೊಂಡಿರುತ್ತಾರೆ. ಇವರಿಗೆ ಮೇಕೆಯ ಮೇಲೆ ಮನಸ್ಸಾಗಿದೆ, ಕೊಳ್ಳುತ್ತಾರೆ ಎಂದು ಮಾರಿಯಮ್ಮ ತಿಳಿದಿದ್ದಾಳೆ. ಹೋದ ದೀಪಾವಳಿಯ ಹೊತ್ತಿಗೆ ಒಂದೇ ಕಡೆ ನಿಲ್ಲುತ್ತಿದ್ದರು.

ನಲ್ಲಿಯಲ್ಲಿ ನೀರು ಹಿಡಿಯುವಾಗ ಇದನ್ನು ಹೇಳಿದೆ. ಆಚೆ ಲೈನಿನ ಮುತ್ಯಾಲಮ್ಮ ಕೊಡ ಕೆಳಗಿಟ್ಟು, "ನಮ್ಮೋನೂ ಅಂಗೇ ಕಣಕ್ಕ. ಬೀಡಿ ಅಚ್ತೀನಿ ಅಂತ ನಿಲ್ತಾನೆ, ಬೀಡಿನೇ ಇರಾಕಿಲ್ಲ ಕೈನಾಗೆ" ಅಂದಳು. ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ನನಗೆ ತೋಚಿದ್ದು ಇಷ್ಟು. ನೀವು ಶ್ವಾಸಕಷ್ಟವನ್ನೂ ಕೇಳಬೇಡಿ, ಆಯಾಸವನ್ನೂ ಕೇಳಬೇಡಿ. ಮನೆಗೆ ಬರುವಾಗ ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತೀಯಾ ಎಂದು ಕೇಳಿ. ಅದನ್ನೂ ಅವರೊಬ್ಬರನ್ನೇ ಕೇಳಿದರೆ ಆಗದು. ಹೆಂಡತಿಯನ್ನೂ ಕೇಳಿ. ಗಂಡಸರು ಅಲ್ಲೂ ಸುಳ್ಳು ಹೇಳುತ್ತಾರೆ.

ರತ್ನ

ಮರೆತೆ. ನನ್ನ ಸೋದರತ್ತೆ ಪಾಪಕ್ಕನಿಗೆ ನಿನ್ನ ನೆನಪಿದೆ. ನಮ್ಮ ಮನೆಯಲ್ಲಿ ಮುದ್ದೆ ನುಂಗಲು ಬಾರದೆ ಅಗಿದ ಹುಡುಗಿ ಅಲ್ವಾ ಅಂದರು.


ಬೆಂಗಳೂರು
೩ ಮೇ ೧೯೬೧

ರತ್ನಾ,

ಹೇಳಿಬಿಟ್ಟೆ.

ನಮ್ಮ ಡಾಕ್ಟರು ಆದಿನಾರಾಯಣ. ಅವತ್ತು ಶಾಲೆಯಲ್ಲಿ ಮಾತಾಡಿದವರು ಅವರೇ. ಅರವತ್ತೊಂದು ಕಾರ್ಡುಗಳನ್ನೂ ಕಟ್ಟು ಕಟ್ಟಿ ಅವರ ಮೇಜಿನ ಮೇಲಿಟ್ಟು ನಿಂತೆ. ಮೇಲ್ವಿಚಾರಕರೂ ಅಲ್ಲೇ ಇದ್ದರು. ನಾನು ಹೇಳಿ ಮುಗಿಸುವ ಮೊದಲೇ ಅವರು, "ಅದಕ್ಕೇ ನಾನು ಹೇಳಿದ್ದು ಸಾರ್, ಹೆಂಗಸರನ್ನು ಹೊರಗಿನ ಕೆಲಸಕ್ಕೆ ಕರೆದುಕೊಂಡು ಹೋಗಬಾರದು ಅಂತ" ಅಂದರು. ಡಾಕ್ಟರು ಅವರ ಕಡೆ ನೋಡಲಿಲ್ಲ. ಒಂದೊಂದೇ ಕಾರ್ಡು ತಿರುಗಿಸುತ್ತಾ ಹೋದರು. ಕೊನೆಯ ಕಾರ್ಡನ್ನು ಕೆಳಗಿಟ್ಟು, "ನಮ್ಮ ಮನೆಯಲ್ಲೂ ಅದನ್ನು ಆಯಾಸಂ ಅಂತಲೇ ಅನ್ನೋದು. ನಮ್ಮದು ಅನಂತಪುರದ ಕಡೆ. ಪ್ರಶ್ನೆ ಬರೆಯುವಾಗ ಶ್ವಾಸಕಷ್ಟ ಅಂತ ಬರೆದವನು ನಾನು" ಅಂದರು.

ಅಷ್ಟಕ್ಕೆ ನನ್ನನ್ನು ಬಿಟ್ಟರು ಅಂದುಕೊಳ್ಳಬೇಡ. "ಪ್ರಶ್ನೆ ನನ್ನದು, ಉತ್ತರ ನಿಮ್ಮದು. ಆದದ್ದನ್ನು ಬರೆದು ಸಹಿ ಹಾಕಿ ಕೊಡಿ" ಅಂದರು. ಬರೆದು ಕೊಟ್ಟೆ. ಊರು ಎಂದಿರುವ ಕಡೆ ಬಂಗಾರಪೇಟೆ ಎಂದು ಬರೆದೆ.

ಅರವತ್ತೊಂದು ಜನರನ್ನೂ ಮತ್ತೆ ಕೇಳಬೇಕೆಂದು ಅವರು ಮೇಲಕ್ಕೆ ಬರೆದಿದ್ದಾರೆ. ಆದರೆ ಅದು ಯಾವಾಗ ಒಪ್ಪಿಗೆಯಾಗಿ ಬರುತ್ತದೋ ಹೇಳಲಾಗದು. ಆದ್ದರಿಂದ ಈಗ ಬರೆಯುವುದನ್ನು ಗಮನವಿಟ್ಟು ಓದು.

ನಿಯಮಗಳ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಕೆಲಸಕ್ಕೆ ಸೇರಿ ಎರಡು ವರ್ಷವಾದರೂ ಓದಿರಲಿಲ್ಲ. ಯಾವ ಕೆಲಸಗಾರನಾದರೂ ತನಗೆ ಧೂಳಿನ ಕಾಯಿಲೆ ಇದೆಯೆಂದು ಅನುಮಾನಪಟ್ಟು ತಾನೇ ಅರ್ಜಿ ಕೊಟ್ಟರೆ ವೈದ್ಯ ಮಂಡಳಿ ಅವನನ್ನು ಪರೀಕ್ಷಿಸಲೇಬೇಕು. ನಮ್ಮ ಸಮೀಕ್ಷೆಯ ಪಟ್ಟಿಯ ಮಾತೇ ಅಲ್ಲಿಲ್ಲ. ನಮ್ಮದು ಅಧ್ಯಯನಕ್ಕಾಗಿ ಮಾಡಿದ ಪಟ್ಟಿ. ಪಟ್ಟಿಯಲ್ಲಿಲ್ಲದವನು ಚೆನ್ನಾಗಿದ್ದಾನೆ ಎಂದು ನಿಮ್ಮ ಟೈಂ ಆಫೀಸಿನವರು ಅಂದದ್ದು ಅವರ ಸ್ವಂತ ಮಾತು. ಅದಕ್ಕೆ ಯಾವ ನಿಯಮವೂ ಇಲ್ಲ.

ಅರ್ಜಿಯನ್ನು ಟೈಂ ಆಫೀಸಿನ ಕೈಯಲ್ಲಿ ಕೊಡಬೇಡಿ. ಮಂಡಳಿಯ ಹೆಸರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ. ತಲುಪಿದ ಚೀಟಿಯನ್ನು ಇಟ್ಟುಕೊಳ್ಳಿ. ಮಾದರಿಯನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ.

ಉಳಿದ ಅರವತ್ತು ಜನ ಯಾರು ಎಂದು ನಾನು ನಿನಗೆ ಹೇಳುವಂತಿಲ್ಲ. ಕಾರ್ಡಿನಲ್ಲಿರುವುದನ್ನು ಇನ್ನೊಬ್ಬರಿಗೆ ತೋರಿಸುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇವೆ.

ಕನಕ


ಚಾಂಪಿಯನ್ ರೀಫ್ಸ್
೨೮ ಮೇ ೧೯೬೧

ಕನಕಾ,

ನಿನ್ನ ಪಟ್ಟಿ ನನಗೆ ಬೇಕಾಗಿಲ್ಲ. ನಲ್ಲಿಯ ಹತ್ತಿರ ನಿಂತು "ನಿಮ್ಮೋರು ಎಲ್ಲೆಲ್ಲಿ ನಿಲ್ತಾರೆ?" ಎಂದು ಕೇಳಿದರೆ ಸಾಕು. ಒಂದು ವಾರದಲ್ಲಿ ಮೂವತ್ತೈದು ಜನ ಸಿಕ್ಕಿದರು. ಅವರಲ್ಲಿ ನಿನ್ನ ಕಾರ್ಡಿನವರು ಎಷ್ಟೋ, ಬೇರೆ ಮೇಜಿನವರು ಎಷ್ಟೋ.

ಅರ್ಜಿಗೆ ಸಹಿ ಮಾಡಿಸುವುದೇ ಕಷ್ಟವಾಯಿತು. ಯಜಮಾನರೇ ಮೊದಲು ಒಪ್ಪಲಿಲ್ಲ. "ನಾನೇ ನನ್ನ ಕೈಯಾರೆ ಕೈಲಾಗದೋನು ಅಂತ ಬರ್ಕೊಡ್ಲಾ?" ಅಂದರು. ಧೂಳು ಹಿಡಿದಿಲ್ಲ ಅಂತ ಬಂದರೆ ಮೇಸ್ತ್ರಿ ಇನ್ನೂ ಆಳಕ್ಕೆ ಹಾಕುತ್ತಾನೆ, ಹಿಡಿದಿದೆ ಅಂತ ಬಂದರೆ ಕೊರೆಯುವವನು ಹೋಗಿ ಕಸ ಗುಡಿಸಬೇಕು ಅಂದರು. ಕುಪ್ಪುಸ್ವಾಮಿಯವರು ಬಂದು ಕೂತು, "ಕದಿರಣ್ಣಾ, ನನ್ ಫೋಟೋದಾಗೆ ಧೂಳು ಐತಂತೆ. ಮುಂದಿನ ತಿಂಗಳಿಂದ ಮೇಲೆ. ನೀನಿಲ್ದೆ ಅಲ್ಲಿ ಯಾರ್ನಯ್ಯಾ ನಾನು ಬಯ್ಯೋದು?" ಅಂದರು. ಅವರ ಜೋರು ಧ್ವನಿ ಅವತ್ತು ಜೋರಾಗಿರಲಿಲ್ಲ. ಯಜಮಾನರು ಅರ್ಜಿ ಎಳೆದುಕೊಂಡು ಸಹಿ ಹಾಕಿದರು.

ಆಮೇಲೆ ಉಳಿದವರು ಬಂದರು. ನಿನ್ನ ಮಾದರಿಯಂತೆಯೇ ಬರೆದೆ. ಕೆಳಗೆ ಒಂದು ಸಾಲು ನಾನೇ ಸೇರಿಸಿದೆ, ಇವರು ಎಲ್ಲೆಲ್ಲಿ ನಿಲ್ಲುತ್ತಾರೆ ಎಂದು. ತಪ್ಪಾಗಿದ್ದರೆ ಬಯ್ಯಿ.

ಪೋಸ್ಟ್ ಆಫೀಸಿನಲ್ಲಿ ರಿಜಿಸ್ಟರ್ ಮಾಡಿಸಲು ನಾವು ಆರು ಜನ ಹೆಂಗಸರು ಹೋದೆವು. ಪೋಸ್ಟ್ ಮಾಸ್ಟರು ಕನ್ನಡಕ ಮೇಲೆತ್ತಿ, "ಏನಮ್ಮಾ, ಎಲ್ಲರೂ ಒಂದೇ ದಿನ ಯಾರಿಗೆ ಬರೀತಿದ್ದೀರಿ?" ಅಂದರು. ಮುತ್ಯಾಲಮ್ಮ "ಬೀಗರಿಗೆ" ಅಂದಳು.

ಕಳಿಸಿದ ಮೂವತ್ತನಾಲ್ಕರ ಚೀಟಿಗಳೂ ವಾಪಸು ಬಂದಿವೆ. ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ.

ಟೈಂ ಆಫೀಸಿನ ಗುಮಾಸ್ತರು ಯಜಮಾನರನ್ನು ಕರೆದು "ನಿನ್ನ ಹೆಂಡತಿ ವಕೀಲಿ ಶುರು ಮಾಡಿದ್ದಾಳಂತೆ" ಅಂದರಂತೆ. ಅದಕ್ಕೆ ಇವರು "ಊಂ ಸಾಮಿ, ನಮ್ಮ ಮನೇಲಿ ಮೊದ್ಲಿಂದ್ಲೂ ಅವಳ್ದೇ ಕೋರ್ಟು" ಅಂದರಂತೆ. ಈ ಮಾತನ್ನು ನನಗೆ ಹೇಳಿ ನಗಲು ಹೋಗಿ ಕೆಮ್ಮು ಬಂತು. ಕಾಲು ಗಂಟೆ ನಿಲ್ಲಲಿಲ್ಲ.

ಕಾಮಸಮುದ್ರದ ಕಡೆಯ ಕೋದಂಡಪ್ಪ ಅಂತ ಒಬ್ಬರಿದ್ದರು. ನಿನ್ನ ಮೇಜಿಗೇ ಬಂದಿದ್ದರು, ಯಜಮಾನರ ಹಿಂದೆಯೇ. ಅವರ ಅರ್ಜಿಗೆ ಸಹಿ ಆಗಲಿಲ್ಲ. ಹೋದ ಸೋಮವಾರ ತೀರಿಕೊಂಡರು. ನಿನಗೆ ತಿಳಿಸದೆ ಇರುವುದು ಸರಿಯಲ್ಲ ಅನ್ನಿಸಿತು.

ರತ್ನ


ಬೆಂಗಳೂರು
೧೯ ಜುಲೈ ೧೯೬೧

ರತ್ನಾ,

ಕೋದಂಡಪ್ಪನವರ ಕಾರ್ಡು ತೆಗೆದು ನೋಡಿದೆ. ಇತರೆ ಎಂಬಲ್ಲಿ ದಣಿವು ಎಂದಿದೆ, ನನ್ನ ಅಕ್ಷರ. ಅದರ ಬಗ್ಗೆ ಏನು ಬರೆದರೂ ನನಗೇ ಸಮಾಧಾನ ಹೇಳಿಕೊಂಡ ಹಾಗಾಗುತ್ತದೆ. ಬರೆಯುವುದಿಲ್ಲ.

ನನ್ನ ಕೆಲಸ ಕಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಗಿದೆ. ಕೆಲಸವೇ ಹೋಗಿಲ್ಲ, ಕಾಯಂ ಮಾತ್ರ ಮುಂದಕ್ಕೆ ಹೋಗಿದೆ. ಮೇಲ್ವಿಚಾರಕರು ಈಗ ನನ್ನೆದುರಿಗೆ ಯಾರ ಮಾತನ್ನೂ ಅಣಕಿಸುವುದಿಲ್ಲ. ನನ್ನ ಹಿಂದೆ ನನ್ನ ಮಾತನ್ನೇ ಅಣಕಿಸುತ್ತಾರಂತೆ.

ಒಪ್ಪಿಗೆ ಬಂತು. ಆಗಸ್ಟ್ ಇಪ್ಪತ್ತೊಂದಕ್ಕೆ ಅದೇ ಶಾಲೆಗೆ ಬರುತ್ತೇವೆ. ಹೊಸ ಕಾರ್ಡು ಅಚ್ಚಾಗಿದೆ. ಶ್ವಾಸಕಷ್ಟ ಎಂಬ ಮಾತು ಇಲ್ಲ. ನಾಲ್ಕನೇ ಪ್ರಶ್ನೆ: ಕೆಲಸದಿಂದ ಮನೆಗೆ ಬರುವ ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತೀರಿ? ಐದನೆಯದು: ಹೋದ ವರ್ಷ ಎಲ್ಲೆಲ್ಲಿ ನಿಲ್ಲುತ್ತಿದ್ದಿರಿ? ಅದರ ಕೆಳಗೆ: ಮನೆಯವರನ್ನೂ ಕೇಳಿ ಬರೆಯತಕ್ಕದ್ದು. ಈ ಪ್ರಶ್ನೆಗಳನ್ನು ಹೇಳಿಕೊಟ್ಟವರು ಯಾರು ಎಂದು ಡಾಕ್ಟರು ಕೇಳಿದರು. ನಿನ್ನ ಹೆಸರು ಹೇಳಿದೆ. ಬರೆದುಕೊಂಡರು.

ನಿನ್ನ ಅರ್ಜಿಗಳೂ ಮಂಡಳಿಯ ಮುಂದೆ ಇವೆ. ಇನ್ನು ಬರೆಯುವ ಅರ್ಜಿಗಳಲ್ಲೂ ನೀನು ಸೇರಿಸಿದ ಆ ಕೆಳಗಿನ ಸಾಲನ್ನು ತೆಗೆಯಬೇಡ.

ಎರಡನೇ ಮೇಜಿನಲ್ಲಿ ಕೂರುವವಳು ನಾನೇ. ಅಂದು ಮಧ್ಯಾಹ್ನದ ಊಟಕ್ಕೆ ನಿಮ್ಮ ಮನೆಗೆ ಬರಲೇ? ಬೇಡವಾದರೆ ಬೇಡ ಎಂದು ಬರೆ.

ಕನಕ


ಚಾಂಪಿಯನ್ ರೀಫ್ಸ್
೧೨ ನವೆಂಬರ್ ೧೯೬೧

ಕನಕಾ,

ನೀನು ಬಂದು ಹೋದ ಮೇಲೆ ಬರೆಯುವುದಕ್ಕೆ ಸುದ್ದಿಯೇ ಇರಲಿಲ್ಲ. ಈಗ ಇದೆ.

ಹತ್ತು ದಿನದ ಹಿಂದೆ ಮಂಡಳಿಯ ಕಾಗದ ಬಂತು. ಎದೆಯ ಎರಡೂ ಕಡೆ ಧೂಳು ಹಿಡಿದಿದೆ, ಇನ್ನು ಮುಂದೆ ಒಳಗಿನ ಕೆಲಸಕ್ಕೆ ಇಳಿಸತಕ್ಕದ್ದಲ್ಲ ಎಂದು ಬರೆದಿದ್ದಾರೆ. ಯಜಮಾನರು ನನ್ನ ಕೈಯಲ್ಲಿ ಮೂರು ಸಲ ಓದಿಸಿದರು. "ತಕ್ಕದ್ದಲ್ಲ ಅಂದ್ರೆ ಬ್ಯಾಡ ಅಂತನೋ, ಕೂಡ್ದು ಅಂತನೋ?" ಅಂದರು. ಕೂಡದು ಅಂತ ಅಂದೆ. ಕಾಗದ ಮಡಿಚುತ್ತಾ, "ಮೊದ್ಲೇ ಅಂಗೆ ಬರೀಬೋದಾಗಿತ್ತು" ಅಂದರು.

ಹೋದ ಸೋಮವಾರದಿಂದ ಮರದ ಡಿಪೋದಲ್ಲಿ ಕೆಲಸ. ಒಳಗೆ ಹೋಗುವ ಮರದ ದಿಮ್ಮಿಗಳನ್ನು ಅಳೆದು ಗುರುತು ಹಾಕುವುದು. ಧೂಳಿಲ್ಲ, ಏಣಿಯಿಲ್ಲ. ಮೊದಲ ದಿನ ಬಂದು, "ಮರ ಎಲ್ಲಿಂದ ಬತ್ತದೆ ಅಂತ ಹದಿನೇಳು ವರ್ಸ ನಂಗೆ ಗೊತ್ತೇ ಇರ್ಲಿಲ್ಲ" ಅಂದರು. ಕೊರೆಯುವ ಗ್ಯಾಂಗಿನವರು ಹೊರಡುವುದನ್ನು ಕಂಡರೆ ಮಾತ್ರ ಮುಖ ತಿರುಗಿಸುತ್ತಾರೆ. ಕುಪ್ಪುಸ್ವಾಮಿಯವರು ಅಲ್ಲೇ ಗರಗಸದ ಹತ್ತಿರ ಇದ್ದಾರೆ. ಇಬ್ಬರೂ ಬಯ್ದಾಡಿಕೊಂಡೇ ಬರುತ್ತಾರೆ. ಹಿಡಿದ ಧೂಳು ಬಿಡುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ, ನನಗೆ ಗೊತ್ತು. ಹೆಚ್ಚಾಗದಿದ್ದರೆ ಸಾಕು.

ನಾವು ಕಳಿಸಿದ ಮೂವತ್ತನಾಲ್ಕರಲ್ಲಿ ಹತ್ತೊಂಬತ್ತು ಜನರಿಗೆ ಹೀಗೇ ಬಂದಿದೆ. ಮುತ್ಯಾಲಮ್ಮನ ಗಂಡನಿಗೆ ಏನೂ ಇಲ್ಲವಂತೆ. ಹಾಗಾದರೆ ಬೀಡಿ ಇಲ್ಲದೆ ಬೀಡಿ ಹಚ್ಚಲು ಯಾಕೆ ನಿಲ್ಲುತ್ತಿದ್ದ ಎಂದು ಅವಳು ಈಗ ಬೇರೆ ವಿಚಾರಣೆ ನಡೆಸಿದ್ದಾಳೆ.

ಈಗ ಕೆಲಸದ ಮಾತು. ನಿನ್ನೆ ಕ್ಯಾಸಂಬಳ್ಳಿಯಿಂದ ದೊಡ್ಡವೆಂಕಟಪ್ಪ ಅಂತ ಒಬ್ಬರು ಬಸ್ಸಿನಲ್ಲಿ ಬಂದರು. ಸ್ಟಾಪಿನಿಂದ ನಮ್ಮ ಮನೆಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಗಣಿ ಬಿಟ್ಟು ಒಂಬತ್ತು ವರ್ಷವಾಗಿದೆಯಂತೆ. ಕೈಲಾಗುವುದಿಲ್ಲ ಎಂದು ತಾವೇ ಬಿಟ್ಟು ಊರು ಸೇರಿದವರು. ಇವರನ್ನು ಯಾವ ಮೇಜಿನವರೂ ಏನೂ ಕೇಳಿಲ್ಲ. ಅವರೂರಿನಲ್ಲಿ ಇಂಥವರು ಇನ್ನೂ ನಾಲ್ವರಿದ್ದಾರಂತೆ. "ಅರ್ಜಿ ಬರೆಯೋ ಅಮ್ಮ ನೀನೇನಾ?" ಅಂದರು. ಹೌದು ಅಂದೆ.

ಕೆಲಸ ಬಿಟ್ಟು ಹೋದವರಿಗೂ ಆ ನಿಯಮ ಉಂಟೋ ಇಲ್ಲವೋ, ಪುಸ್ತಕ ತೆಗೆದು ನೋಡಿ ಬರೆ. ಬೇಗ ಬರೆ. ಅವರ ಅರ್ಜಿಯನ್ನು ಬರೆದಾಗಿದೆ, ತಾರೀಖು ಹಾಕುವುದೊಂದು ಬಾಕಿ ಇದೆ.

ರತ್ನ